ರಸ್ತೆಯ ಈಚೆ ಬದಿ

ನಾವು ಹೈದರಾಬಾದಿಗೆ ಹೋದದ್ದು ನನ್ನ ಹೆಂಡತಿಯ ನೌಕರಿಗಾಗಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಆ ಊರಿನಲ್ಲಿ ಇದ್ದಷ್ಟು ಕಾಲ ಎಲ್ಲರೂ ನನ್ನನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ನಿಮ್ಮದು ಯಾವ ಕಂಪನಿ?" ಲಿಫ್ಟಿನಲ್ಲಿ ಕೇಳುತ್ತಿದ್ದರು, ಹಾಲಿನ ಅಂಗಡಿಯ ಮುಂದೆ ಕೇಳುತ್ತಿದ್ದರು, ಕ್ಷೌರದವನು ಕುತ್ತಿಗೆಗೆ ಬಟ್ಟೆ ಸುತ್ತುತ್ತಲೇ ಕೇಳುತ್ತಿದ್ದ. ಕೊಂಡಾಪುರದಲ್ಲಿ ಆಗ ಗಂಡಸೆಂದರೆ ಯಾವುದಾದರೊಂದು ಕಂಪನಿಯ ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡವನು. ನನ್ನ ಕೊರಳು ಖಾಲಿ ಇತ್ತು.

ಧಾರವಾಡದಲ್ಲಿ ನಾನು ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದೆ. ತಾತ್ಕಾಲಿಕ ಹುದ್ದೆ, ಪ್ರತಿ ಬೇಸಿಗೆಯ ಕೊನೆಗೆ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಯಬೇಕು. ಹೆಂಡತಿ ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು. ಕಂಪನಿಗಳು ಬಲೆ ಬೀಸಿ ಜನರನ್ನು ಹಿಡಿಯುತ್ತಿದ್ದ ಕಾಲ ಅದು. ಅವಳು ಗೆಳತಿಯ ಜೊತೆಗೆಂದು ಹೋಗಿ ಒಂದು ಪರೀಕ್ಷೆ ಬರೆದಳು, ಗೆಳತಿ ಉಳಿದಳು, ಇವಳು ಆಯ್ಕೆಯಾದಳು. ಮಗಳಿಗೆ ಆಗ ನಾಲ್ಕು ವರ್ಷ. ಇಬ್ಬರಲ್ಲಿ ಒಬ್ಬರು ಮನೆಯಲ್ಲಿರಬೇಕಾಗಿತ್ತು. ನಾನಿರುತ್ತೇನೆ ಅಂದೆ. ಹೇಗೂ ಕಥೆ ಬರೆಯುವ ಹುಚ್ಚು ಇತ್ತು, ಮನೆಯಲ್ಲಿ ಕೂತು ಬರೆಯಬಹುದು ಅಂದುಕೊಂಡೆ. ಮನೆ ನೋಡಿಕೊಳ್ಳುವವರು ಮನೆಯಲ್ಲಿ ಕೂರುವುದಿಲ್ಲ ಎಂಬುದು ಹೋದ ಮೊದಲ ವಾರವೇ ತಿಳಿಯಿತು.

ನೀರು ಬರುವ ಹೊತ್ತು, ಟ್ಯಾಂಕರಿನ ಹೊತ್ತು, ಗ್ಯಾಸಿನವನ ಹೊತ್ತು, ಮಗಳ ಹೊತ್ತು, ಇವುಗಳ ಸಂದಿಯಲ್ಲಿ ನನ್ನ ಬರವಣಿಗೆಯ ಹೊತ್ತು. ಊಟದ ಮೇಜಿನ ಒಂದು ತುದಿಯಲ್ಲಿ ಕಾಗದ ಹರಡಿಕೊಳ್ಳುತ್ತಿದ್ದೆ. ಮಧ್ಯಾಹ್ನವಾದರೆ ಹತ್ತಿರದಲ್ಲಿ ಬಂಡೆ ಸಿಡಿಸುತ್ತಿದ್ದರು. ಮೊದಲು ಸೀಟಿ ಊದುತ್ತಾರೆ, ಆಮೇಲೆ ಧಡ್ ಎಂದು ಕಿಟಕಿಯ ಗಾಜು ನಡುಗುತ್ತದೆ, ಸ್ವಲ್ಪ ಹೊತ್ತಿಗೆ ಮೇಜಿನ ಮೇಲೆ ಬೂದುಬಣ್ಣದ ಧೂಳು ಕೂರುತ್ತದೆ. ಅದನ್ನು ಒರೆಸಿ ಮುಂದಿನ ವಾಕ್ಯ ಬರೆಯಬೇಕು. ಆನೆಗಳು ಮಲಗಿದಂತೆ ಕಾಣುತ್ತಿದ್ದ ಆ ಬಂಡೆಗಳು ನೋಡನೋಡುತ್ತ ಕರಗಿ, ಅವು ಇದ್ದಲ್ಲೆಲ್ಲ ಗಾಜಿನ ಕಟ್ಟಡಗಳು ಎದ್ದವು.

ಶಾಲೆಯ ಬಸ್ಸಿಗೆ ಮಕ್ಕಳನ್ನು ಹತ್ತಿಸಲು ನಮ್ಮ ಅಪಾರ್ಟ್‌ಮೆಂಟಿನಿಂದ ತಾಯಂದಿರು ಬರುತ್ತಿದ್ದರು, ಅವರ ನಡುವೆ ಗಂಡಸು ನಾನೊಬ್ಬನೇ. ನಮ್ಮ ಎದುರುಮನೆಯಾಕೆ ನನ್ನನ್ನು ಬೇರೆಯವರಿಗೆ ತೋರಿಸಿ "ಪಾಪ ವಾಳ್ಳ ನಾನ್ನ" ಅನ್ನುತ್ತಿದ್ದಳು. ಅವಳು ವರಂಗಲ್ ಕಡೆಯವಳು, ನಮ್ಮ ಮಗಳ ವಾರಗೆಯ ಅವಳಿಜವಳಿ ಗಂಡುಮಕ್ಕಳ ತಾಯಿ. ನನ್ನ ಕಿವಿಗೆ ಬೀಳುತ್ತಿದ್ದದ್ದು "ಪಾಪ" ಎಂಬುದಷ್ಟೇ. ಗಂಡಸಾಗಿ ಮನೆಯಲ್ಲಿದ್ದಾನೆ, ಪಾಪ, ಅನ್ನುತ್ತಿದ್ದಾಳೆಂದು ತಿಳಿದು ಮುಖ ಗಂಟಿಕ್ಕಿಕೊಂಡು ನಿಲ್ಲುತ್ತಿದ್ದೆ. ಪಾಪ ಎಂದರೆ ತೆಲುಗಿನಲ್ಲಿ ಹೆಣ್ಣುಮಗು, ನಾನು ಆ ಮಗುವಿನ ಅಪ್ಪ, ಅಷ್ಟೇ ಅದರ ಅರ್ಥ ಎಂದು ತಿಳಿದ ದಿನ ನಾನೇ ಅವಳೆದುರು ನಕ್ಕುಬಿಟ್ಟೆ. ನಕ್ಕಿದ್ದೇಕೆಂದು ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಹೇಳಿದೆ. ಅವಳೂ ನಕ್ಕಳು. ಅಂದಿನಿಂದ ನನ್ನನ್ನು "ಅನ್ನಯ್ಯಾ" ಎಂದು ಕರೆಯತೊಡಗಿದಳು. ಅದು ನಮ್ಮ ಅಣ್ಣ ಅಂದ ಹಾಗೆಯೇ.

ತೊಂದರೆ ಇದ್ದದ್ದು ಬಸ್ಸು ನಿಲ್ಲುವ ಜಾಗದಲ್ಲಿ. ಬಸ್ಸು ಬರುತ್ತಿದ್ದದ್ದು ಮುಖ್ಯರಸ್ತೆಯ ಆಚೆ ಬದಿಗೆ, ನಾವಿದ್ದದ್ದು ಈಚೆ ಬದಿಗೆ. ನಡುವೆ ಟ್ಯಾಂಕರುಗಳು, ಕಲ್ಲು ತುಂಬಿದ ಲಾರಿಗಳು, ಕಂಪನಿಗಳ ಬಿಳಿ ಕಾರುಗಳು. ಎಲ್ಲಕ್ಕೂ ಬೆಳಗಿನ ಹೊತ್ತೇ ಅವಸರ. ಸಿಗ್ನಲ್ ಇಲ್ಲ, ಉಬ್ಬು ಇಲ್ಲ, ಪೊಲೀಸನಿಲ್ಲ. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಅದರ ಚೀಲ ಹಿಡಿದು, ಸಂದಿ ನೋಡಿ ಓಡಬೇಕು. ಅವಳಿ ಮಕ್ಕಳಿದ್ದ ಎದುರುಮನೆಯಾಕೆಗೆ ಚೀಲ ಹಿಡಿಯಲು ಕೈಯೇ ಉಳಿಯುತ್ತಿರಲಿಲ್ಲ. ಆ ಎರಡು ಚೀಲಗಳನ್ನೂ ನಾನೇ ಹೆಗಲಿಗೆ ಹಾಕಿಕೊಳ್ಳುತ್ತಿದ್ದೆ.

ನಮ್ಮ ಅಕ್ಕ ವಿಜಾಪುರದಿಂದ ಬಂದದ್ದು ಈ ದಿನಗಳಲ್ಲಿಯೇ. ಬೇಗಂಪೇಟೆ ಸ್ಟೇಷನ್ನಿಗೆ ಹೋಗಿ ಕರೆದುಕೊಂಡು ಬಂದೆ. ನನಗಿಂತ ಹತ್ತು ವರ್ಷ ದೊಡ್ಡವಳು, ನನ್ನನ್ನು ಎತ್ತಿ ಆಡಿಸಿದವಳು. ಮರುದಿನ ನಾನು ಬಾಲ್ಕನಿಯಲ್ಲಿ ಹೆಂಡತಿಯ ಚೂಡಿದಾರಗಳನ್ನು ಝಾಡಿಸಿ ಹಗ್ಗಕ್ಕೆ ಹಾಕುತ್ತಿದ್ದದ್ದನ್ನು ನೋಡಿ ಅವಳ ಕೈಯಲ್ಲಿದ್ದ ಚಹಾದ ಕಪ್ಪು ಅಲ್ಲಿಯೇ ನಿಂತಿತು.

"ಇದೇನೋ ತಮ್ಮಾ, ಎಂ.ಎ. ಓದಿ ಹೆಂಡ್ತಿ ಅರಿವಿ ಒಣಹಾಕಾಕತ್ತೀಯಲ್ಲೋ!"

"ಆಕಿ ಆಫೀಸಿಗೆ ಹೋಗ್ಯಾಳಲ್ಲ ಅಕ್ಕಾ. ಮತ್ತ್ಯಾರು ಹಾಕಬೇಕು?"

"ಹಾಕು, ಹಾಕು. ಅವ್ವ ಇದ್ದಿದ್ರ ಎದಿ ಒಡಕೊಂತಿದ್ಲು."

ಅವಳು ಬರೀ ನೋಡಿ ಹೋಗಲು ಬಂದಿರಲಿಲ್ಲ. ವಿಜಾಪುರದ ಒಂದು ಕಾಲೇಜಿನಲ್ಲಿ ಕನ್ನಡದ ಹುದ್ದೆ ಖಾಲಿಯಾಗಿತ್ತು, ಈ ಸಲ ಕಾಯಂ ಹುದ್ದೆ. ಆಡಳಿತ ಮಂಡಳಿಯವರು ಭಾವನಿಗೆ ಗುರುತಿನವರು. ನಾನು ಹೂಂ ಅಂದರೆ ಆಯಿತು. ಮಗಳನ್ನು ಅಕ್ಕ ನೋಡಿಕೊಳ್ಳುತ್ತಾಳೆ, ಹೆಂಡತಿ ಬೇಕಾದರೆ ಕೆಲವು ಕಾಲ ಇಲ್ಲಿದ್ದು ಆಮೇಲೆ ಬರಬಹುದು. ಎಲ್ಲವನ್ನೂ ಅವಳು ಲೆಕ್ಕ ಹಾಕಿಯೇ ಬಂದಿದ್ದಳು.

ಸಂಜೆ ಹೆಂಡತಿಯ ಮುಂದೆ ವಿಷಯ ತೆಗೆದೆ. ಅವಳು ಬೂಟು ಬಿಚ್ಚುತ್ತ ಕೂತವಳು ಒಂದು ಬೂಟು ಬಿಚ್ಚಿ ಇನ್ನೊಂದನ್ನು ಮರೆತಳು.

"ನಿಮಗ ಖರೇನ ಕಾಲೇಜು ಬೇಕಾಗಿದ್ರ ಹೋಗ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಮಂದಿ ಕೇಳ್ತಾರ ಅಂತ ಹೋಗಬ್ಯಾಡ್ರಿ."

ಯಾವುದಕ್ಕಾಗಿ ಹೋಗಬೇಕು ಅನ್ನಿಸುತ್ತಿದೆ ಎಂಬುದು ನನಗೇ ಸ್ಪಷ್ಟವಿರಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕನೂ ಬಸ್ಸಿನವರೆಗೆ ಬಂದಳು. ನನ್ನ ಮಗಳ ಕೈಯನ್ನು ಅವಳೇ ಹಿಡಿದುಕೊಂಡಿದ್ದಳು. ರಸ್ತೆಯ ನಡುವೆ ಬಂದಾಗ ಒಂದು ಟ್ಯಾಂಕರು ವೇಗ ತಗ್ಗಿಸದೆ ಬಂತು. ಅಕ್ಕ ಹಿಂದಕ್ಕೂ ಹೋಗದೆ ಮುಂದಕ್ಕೂ ಹೋಗದೆ ನಿಂತುಬಿಟ್ಟಳು. ನಾನು ಇಬ್ಬರನ್ನೂ ಎಳೆದುಕೊಂಡೆ. ಟ್ಯಾಂಕರಿನಿಂದ ಚೆಲ್ಲಿದ ನೀರು ಅವಳ ಇಳಕಲ್ ಸೀರೆಯ ಮೇಲೆ ಬಿತ್ತು. ಬಸ್ಸು ಹೋದ ಮೇಲೆ ಆಚೆ ಬದಿಯ ಕಲ್ಲಿನ ಮೇಲೆ ಕೂತು ಸುಧಾರಿಸಿಕೊಂಡಳು. ಒದ್ದೆಯಾದ ಸೆರಗನ್ನು ಹಿಂಡಿದಳು.

"ದಿನಾ ಹಿಂಗೇನೋ?"

"ದಿನಾ."

"ಮತ್ತ ಯಾರೂ ಏನೂ ಅನ್ನಂಗಿಲ್ಲೇನು?"

ಆ ಪ್ರಶ್ನೆ ನನ್ನನ್ನು ಕುಟುಕಿತು. ಅಂದೇ ಶಾಲೆಗೆ ಹೋದೆ. ಬಸ್ಸುಗಳ ಉಸ್ತುವಾರಿ ನೋಡಿಕೊಳ್ಳುವವರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ಹಿರಿಯರೊಬ್ಬರು. ನಾನು ಹೇಳಿದ್ದನ್ನೆಲ್ಲ ಕೇಳಿ, ಮೊದಲು ನನ್ನ ಆಫೀಸಿನ ಫೋನ್ ನಂಬರು ಕೇಳಿದರು.

"ಆಫೀಸ್ ನಹೀಂ ಹೈ. ಮೈ ಘರ್ ಸಂಭಾಲ್ತಾ ಹೂಂ," ಅಂದೆ. ಹಿಂದಿಯಲ್ಲಿ ಹೇಳಿದ್ದಕ್ಕೋ ಏನೋ, ಆ ಮಾತು ನನಗೇ ಹೊಸದಾಗಿ ಕೇಳಿಸಿತು. ಮನೆ ನೋಡಿಕೊಳ್ಳುತ್ತೇನೆ ಎಂದು ಅಲ್ಲಿಯವರೆಗೆ ಯಾರ ಮುಂದೆಯೂ ನೇರವಾಗಿ ಹೇಳಿರಲಿಲ್ಲ. "ಸದ್ಯಕ್ಕೆ", "ಬರವಣಿಗೆ", "ನೋಡೋಣ" ಎಂದೆಲ್ಲ ಸುತ್ತಿ ಬಳಸಿ ಹೇಳುತ್ತಿದ್ದೆ.

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಹಾಗಾದರೆ ಮೇಡಂ ಅವರನ್ನು ಕಳಿಸಿ, ಮಾತಾಡೋಣ."

"ಮೇಡಂ ಆಫೀಸಿನಲ್ಲಿರುತ್ತಾರೆ ಸರ್. ಮಗಳನ್ನು ರಸ್ತೆ ದಾಟಿಸುವವನು ನಾನು. ಮಾತಾಡಬೇಕಾದವನೂ ನಾನೇ."

ಅವರು ಗೋಡೆಯ ಮೇಲಿನ ನಕ್ಷೆ ತೋರಿಸಿದರು. ಬಸ್ಸು ಈಚೆ ಬದಿಗೆ ಬರಬೇಕಾದರೆ ನಮ್ಮ ಗೇಟಿನ ಹತ್ತಿರ ತಿರುಗಬೇಕು. ಅಲ್ಲಿ ತಿರುಗಲು ಜಾಗವಿಲ್ಲ. ಇಲ್ಲಿಯವರೆಗೆ ಯಾರೂ ದೂರು ಕೊಟ್ಟಿಲ್ಲ. ಮೂರೇ ಮಾತಿನಲ್ಲಿ ನನ್ನನ್ನು ಹೊರಗೆ ಕಳಿಸಿದರು.

ನಮ್ಮ ಗೇಟಿನ ಬಳಿ ಎದುರುಮನೆಯಾಕೆ ಕಾಯುತ್ತಿದ್ದಳು. ನಡೆದದ್ದನ್ನು ಹೇಳಿದೆ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ರೇಪು ದಾಟೊದ್ದು ಅನ್ನಯ್ಯಾ," ಅಂದಳು. ನಾಳೆ ದಾಟುವುದೇ ಬೇಡ. ಎಷ್ಟು ಸರಳವಾದ ಮಾತು! ಸಂಜೆ ಇಬ್ಬರೂ ಮನೆಮನೆಯ ಬಾಗಿಲು ಬಡಿದೆವು. ಅವಳದು ತೆಲುಗು, ನನ್ನದು ಹಿಂದಿ. ಎಲ್ಲರೂ ಹೌದು ಹೌದು ಅಂದರು.

ಬೆಳಿಗ್ಗೆ ಮಕ್ಕಳನ್ನು ಹಿಡಿದುಕೊಂಡು ಎಲ್ಲರೂ ಈಚೆ ಬದಿಯಲ್ಲಿಯೇ ನಿಂತೆವು. ಬಸ್ಸು ಆಚೆ ಬಂದು ನಿಂತಿತು. ಹಾರ್ನ್ ಹೊಡೆಯಿತು. ನಾವು ಅಲುಗಲಿಲ್ಲ. ಮತ್ತೆ ಹಾರ್ನ್. ಡ್ರೈವರು ಇಳಿದು ರಸ್ತೆ ದಾಟಿ ಬಂದ. ಅವನಿಗೂ ದಾಟಲು ಸಾಕಷ್ಟು ಹೊತ್ತು ಹಿಡಿಯಿತು.

"ಕ್ಯಾ ಕರೂಂ ಸಾಬ್, ಆಫೀಸ್‌ವಾಲೇ ಬೋಲೇ ತೋ ಆತೂಂ. ಮೇರೀ ನೌಕರೀ ನಕ್ಕೋ ಖರಾಬ್ ಕರೋ."

ಆಫೀಸಿನವರು ಹೇಳಿದರೆ ಬರುತ್ತೇನೆ, ನನ್ನ ನೌಕರಿಗೆ ಕಲ್ಲು ಹಾಕಬೇಡಿ ಎಂದು ಅವನ ಅಹವಾಲು. ನನ್ನ ಬೆನ್ನ ಹಿಂದಿನಿಂದ ಅಕ್ಕ ಮುಂದೆ ಬಂದಳು. "ಏ ಅಣ್ಣಾ, ನಿನ್ನ ನೌಕರಿ ನಿನಗ ಹೆಂಗ ದೊಡ್ಡದೋ ಹಂಗ ನಮಗ ನಮ್ಮ ಕೂಸು ದೊಡ್ಡದು. ಹೋಗಿ ನಿಮ್ಮ ಸಾಹೇಬಗ ಹೇಳು, ವಿಜಾಪುರದಿಂದ ಒಬ್ಬಾಕಿ ಬಂದಾಳ, ಬಸ್ಸು ಈ ಕಡೆ ಬರೂತನಕಾ ಕೂಸು ಕೊಡಂಗಿಲ್ಲ ಅಂತಾಳ ಅಂತ." ಅವನಿಗೆ ಕನ್ನಡ ತಿಳಿಯಿತೋ ಇಲ್ಲವೋ, ಅಕ್ಕನ ಮುಖ ತಿಳಿಯಿತು. ತಲೆ ಕೆರೆದುಕೊಂಡು ಹೋದ. ಬಸ್ಸು ಖಾಲಿ ಹೊರಟುಹೋಯಿತು.

ಆಗ ಶುರುವಾಯಿತು ನಿಜವಾದ ಗಲಾಟೆ. ಬಸ್ಸು ಹೋಗಿಯೇಬಿಡುತ್ತದೆ ಎಂದು ಯಾರೂ ಎಣಿಸಿರಲಿಲ್ಲ. ಮಕ್ಕಳನ್ನು ಶಾಲೆಗೆ ಮುಟ್ಟಿಸುವವರು ಯಾರು? ಆಫೀಸಿಗೆ ತಡವಾಯಿತಲ್ಲ? ಮೂರನೇ ಮಹಡಿಯ ಒಬ್ಬರು ಟೈ ಕಟ್ಟಿಕೊಳ್ಳುತ್ತ ಕೆಳಗೆ ಬಂದು ನನ್ನ ಮುಂದೆ ನಿಂತರು. "ಮೀಕೇಂಟಂಡೀ, ಇಂಟ್ಲೋ ಉಂಟಾರು." ನಿಮಗೇನ್ರೀ, ಮನೆಯಲ್ಲೇ ಇರುತ್ತೀರಿ. ಇಷ್ಟು ತೆಲುಗು ನನಗೆ ಆಗಲೇ ಬಂದಿತ್ತು.

ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು, ವಿಜಾಪುರದ ಕಾಲೇಜಿಗೆ ಇಂದೇ ಹೂಂ ಅನ್ನಬೇಕು ಅನ್ನಿಸಿತು. ಮಗಳು ನನ್ನ ತೋರುಬೆರಳನ್ನು ಹಿಡಿದುಕೊಂಡು ನಿಂತಿದ್ದಳು. ಅವರು ಹೇಳಿದ್ದರಲ್ಲಿ ಸುಳ್ಳೇನಿದೆ ಎಂದು ಆ ಕ್ಷಣದಲ್ಲಿ ಹೊಳೆಯಿತು. ನಾನು ಮನೆಯಲ್ಲಿರುವವನೇ. ಮನೆಯಲ್ಲಿರುವವನಿಂದಲ್ಲದೆ ಇದು ಇನ್ನಾರಿಂದ ಆಗಬೇಕು?

"ಹೌದು, ನಾನು ಮನೆಯಲ್ಲೇ ಇರುತ್ತೇನೆ," ಅಂದೆ. "ಅದಕ್ಕೇ ಹೇಳುತ್ತಿದ್ದೇನೆ. ಬಸ್ಸು ಈ ಕಡೆ ಬರುವವರೆಗೆ ನಿಮ್ಮ ಮಗುವನ್ನೂ ನಾನೇ ಶಾಲೆಗೆ ಬಿಟ್ಟು ಬರುತ್ತೇನೆ. ನೀವು ಆಫೀಸಿಗೆ ಹೋಗಿ."

ಅವರು ಮಗನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದರು. ಕೆಲವರು ಮಕ್ಕಳನ್ನು ನನಗೆ ಒಪ್ಪಿಸಿದರು. ಎರಡು ಆಟೋ ಕರೆದೆವು. ಒಂದರಲ್ಲಿ ನಾನು ಮತ್ತು ಎದುರುಮನೆಯಾಕೆ, ಇನ್ನೊಂದರಲ್ಲಿ ಅಕ್ಕ. ಅಕ್ಕನಿಗೆ ತೆಲುಗೂ ಬಾರದು, ಹಿಂದಿಯೂ ಅಷ್ಟಕ್ಕಷ್ಟೇ. ಆದರೂ ಮಡಿಲಲ್ಲಿ ಒಬ್ಬನನ್ನು ಕೂರಿಸಿಕೊಂಡು, ಪಕ್ಕದವರಿಗೆ ಶೇಂಗಾ ಉಂಡೆ ಹಂಚುತ್ತ, ಶಾಲೆ ಬರುವವರೆಗೆ ಅವರಿಂದ ಎಣಿಕೆ ಹೇಳಿಸುತ್ತಿದ್ದಳು. ಹೀಗೇ ಆ ವಾರವಿಡೀ ನಡೆಯಿತು. ಒಂದಿಬ್ಬರು ತಾಯಂದಿರು ಸೋತು ಮತ್ತೆ ರಸ್ತೆ ದಾಟತೊಡಗಿದರು. ಅವರನ್ನು ನಾನು ದೂರಲಿಲ್ಲ, ಆದರೆ ನಾನು ದಾಟಲಿಲ್ಲ.

ಆಟೋದಲ್ಲಿ ಹಿಂತಿರುಗುವಾಗಲೆಲ್ಲ ಒಂದೇ ಯೋಚನೆ: ತಿರುಗಲು ಜಾಗ. ನಮ್ಮ ಗೇಟಿನ ಮುಂದೆ ಜಾಗವಿತ್ತು, ಆದರೆ ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದವರು ಅಲ್ಲಿ ಮರಳು, ಖಡಿಜಲ್ಲಿ ಸುರಿದಿದ್ದರು. ಆ ಗುಡ್ಡೆ ನಾವು ಬರುವ ಮೊದಲಿನಿಂದಲೂ ಇತ್ತು. ಒಂದು ಮಧ್ಯಾಹ್ನ ಅಲ್ಲಿಗೆ ಹೋಗಿ ಹಿಂದಿಯಲ್ಲಿ ಮೇಸ್ತ್ರಿ ಯಾರು ಎಂದು ಕೇಳಿದೆ. ಬುತ್ತಿ ಬಿಚ್ಚಿಕೊಂಡು ಕೂತಿದ್ದ ಒಬ್ಬ ಮಧ್ಯವಯಸ್ಕ ಇನ್ನೊಬ್ಬಾಕೆಗೆ, "ಯಾರೋ ಬಂದಾರ, ನೀರ ಸಲುವಾಗಿ ಜಗಳಕ್ಕ ಬಂದಿರಬೇಕು ನೋಡು," ಅಂದ.

"ಜಗಳಕ್ಕ ಬಂದಿಲ್ರಿ," ಅಂದೆ.

ಅವನು ತುತ್ತು ಕೆಳಗಿಟ್ಟ. "ಅಯ್ಯ, ನಮ್ಮವ್ರೇ! ಯಾವೂರ್ರಿ ಸರ?"

ಅವನು ಆಳಂದದ ಕಡೆಯವನು. ಜೊತೆಗಿದ್ದವಳು ಹೆಂಡತಿ. ಕೂತುಕೊಳ್ಳಲು ಸಿಮೆಂಟಿನ ಖಾಲಿ ಚೀಲ ಹಾಸಿದರು, ರೊಟ್ಟಿ ಮುರಿದು ಕೊಟ್ಟರು. ಆ ಕಟ್ಟಡದ ಪಕ್ಕದಲ್ಲಿ ಅಷ್ಟು ದಿನ ಓಡಾಡಿದ್ದೆ. ಅಲ್ಲಿ ಕನ್ನಡ ಮಾತಾಡುತ್ತಾರೆಂದು ತಿಳಿದಿರಲಿಲ್ಲ. ಹೊರಗೆ ಅವರೂ ನನ್ನ ಹಾಗೆಯೇ ಹಿಂದಿ ಆಡುತ್ತಿದ್ದರು. ನಾನು ಮಕ್ಕಳ ವಿಷಯ ಹೇಳಿದೆ.

"ಉಸುಕು ತೆಗಿಯೂದು ಭಾಳ ದೊಡ್ಡ ಕೆಲಸ ಅಲ್ರಿ," ಅಂದ ಮೇಸ್ತ್ರಿ. "ನಮ್ಮ ಸೇಠ ಹೂಂ ಅನ್ನಬೇಕು. ಐತ್ವಾರ ಕೆಲಸಾ ಇರಂಗಿಲ್ಲ, ಮಂದಿ ಮಲಗಿರ್ತಾರ. ಯಾರರ ಕೈಗೂಡಿಸಿದ್ರ ಆಗ್ತೈತಿ."

ಸೇಠನನ್ನು ಹುಡುಕಿಕೊಂಡು ಹೋಗಿ, ಅವನ ಕಾರಿನ ಪಕ್ಕದಲ್ಲಿ ನಿಂತು, ಕೇಳಿಕೊಂಡೆ. ಒಂದೇ ಸಲಕ್ಕೆ ಒಪ್ಪಲಿಲ್ಲ. ಮರುದಿನ ಮತ್ತೆ ಹೋದೆ. ಮೂರನೆಯ ಸಲ ನನ್ನನ್ನು ದೂರದಿಂದ ಕಂಡ ಕೂಡಲೇ ಅವನು ಕಾರಿನ ಗಾಜು ಇಳಿಸಿ, "ತಗೊಂಡು ಹೋಗಿ ಎಲ್ಲಾದರೂ ಹಾಕಿಕೊಳ್ಳಿ," ಎಂದು ಕೈ ಬೀಸಿದ.

ಆ ಭಾನುವಾರ ಮೇಸ್ತ್ರಿ, ಅವನ ಹೆಂಡತಿ, ಅವರ ಗುಂಪಿನ ನಾಲ್ಕೈದು ಮಂದಿ, ನಮ್ಮ ಕಡೆಯಿಂದ ನಾನು, ನನ್ನ ಹೆಂಡತಿ, ಎದುರುಮನೆಯಾಕೆ ಮತ್ತು ಅವಳ ಗಂಡ, ಇನ್ನೊಂದಿಷ್ಟು ಜನ ಪುಟ್ಟಿಗಳಲ್ಲಿ ಮರಳು, ಖಡಿ ಹೊತ್ತು ಕಟ್ಟಡದ ಹಿಂದೆ ಸುರಿದೆವು. ಹೆಂಡತಿ ವಾರವೆಲ್ಲ ಪರದೆಯ ಮುಂದೆ ಕೂತು ದುಡಿದವಳು. ಸ್ವಲ್ಪ ಹೊತ್ತಿಗೆ ಸೊಂಟ ಹಿಡಿದುಕೊಂಡಳು, ಆದರೆ ಪುಟ್ಟಿ ಬಿಡಲಿಲ್ಲ. ಅಕ್ಕ ಎಲ್ಲರಿಗೂ ಮಜ್ಜಿಗೆ ಮಾಡಿ ಕೊಟ್ಟಳು. ಮೂರನೇ ಮಹಡಿಯವರು ಬಾಲ್ಕನಿಯಲ್ಲಿ ಪೇಪರು ಓದುತ್ತಿದ್ದರು. ಊಟದ ಹೊತ್ತಿಗೆ ನೆಲ ಕಂಡಿತು.

ಸೋಮವಾರ ಮತ್ತೆ ಉಸ್ತುವಾರಿಯವರ ಮುಂದೆ ನಿಂತೆ. "ಜಾಗ ಆಗಿದೆ ಸರ್. ನೀವೇ ಬಂದು ನೋಡಿ." ನಾನು ಎಷ್ಟು ದಿನ ಹೀಗೆ ಬರುತ್ತೇನೆ ಎಂದು ಅವರು ಕೇಳಿದರು. ಬಸ್ಸು ಬರುವವರೆಗೆ ಎಂದು ಹೇಳಿದೆ. ಮರುದಿನ ಅವರೇ ಬಸ್ಸಿನಲ್ಲಿ ಡ್ರೈವರನ ಪಕ್ಕ ಕೂತು ಬಂದರು. ಬಸ್ಸು ಮೊದಲ ಸಲ ತಿರುಗಲಿಲ್ಲ, ಹಿಂದೆ ಮುಂದೆ ಮಾಡಿತು, ನಮ್ಮ ಗೇಟಿನ ಕಂಬಕ್ಕೆ ಉಜ್ಜಿ ಸ್ವಲ್ಪ ಬಣ್ಣ ಕಿತ್ತುಕೊಂಡು, ಕೊನೆಗೆ ತಿರುಗಿತು. ಈಚೆ ಬದಿಯಲ್ಲಿ ಬಂದು ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರಿಗೂ ಮಕ್ಕಳನ್ನು ಹತ್ತಿಸುವ ಅವಸರ. ಎದುರುಮನೆಯಾಕೆ ಮಾತ್ರ ಬಸ್ಸು ಹೋದ ಮೇಲೆ ಗೇಟಿನ ಬಳಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗೆದ್ದದ್ದು ಅರ್ಧವೇ. ಸಂಜೆ ರಸ್ತೆ ತುಂಬಿರುವುದರಿಂದ ತಿರುಗಲಾಗುವುದಿಲ್ಲ, ಇಳಿಸುವುದು ಆಚೆ ಬದಿಯಲ್ಲಿಯೇ ಎಂದು ಉಸ್ತುವಾರಿಯವರು ಹಟ ಹಿಡಿದರು. ಅದಕ್ಕೂ ನಾನು ಹಲವು ತಿಂಗಳು ಅವರ ಬಾಗಿಲು ಬಡಿಯಬೇಕಾಯಿತು.

ಅಕ್ಕ ಹೊರಡುವ ಹಿಂದಿನ ದಿನ ಭಾವನಿಗೆ ನಾನೇ ಫೋನು ಮಾಡಿದೆ. ಕಾಲೇಜಿನ ಹುದ್ದೆ ಬೇಡ ಎಂದೆ. ಏಕೆ ಎಂದು ಕೇಳಿದರು. "ಇಲ್ಲಿ ನನಗ ಕೆಲಸ ಐತ್ರಿ ಭಾವಾ," ಅಂದೆ. ಅವರು ಯಾವ ಕಂಪನಿ ಎಂದು ಕೇಳಲಿಲ್ಲ, ಅದು ಅವರ ದೊಡ್ಡ ಗುಣ. ಅಕ್ಕ ಪಕ್ಕದಲ್ಲಿ ಕೂತು ಮೆಂತ್ಯ ಸೋಸುತ್ತಿದ್ದಳು.

"ನನಗ ಇನ್ನೂ ಸರಿ ಅನಸಂಗಿಲ್ಲೋ ತಮ್ಮಾ," ಅಂದಳು. "ಕಾಯಂ ನೌಕರಿ ಮತ್ತ ಸಿಗಂಗಿಲ್ಲ. ಆದ್ರ ನೀ ಹಿಡದದ್ದು ಬಿಡಂಗಿಲ್ಲ ಅಂತ ಸಣ್ಣಾಂವಿದ್ದಾಗಿಂದ ನೋಡೀನಿ. ಇರು. ಸುಖವಾಗಿರು." ಸೋಸಿದ ಸೊಪ್ಪನ್ನು ನನ್ನ ಕಡೆ ಸರಿಸಿದಳು. "ಪಲ್ಯಾ ನೀನ ಮಾಡು. ನೋಡ್ತೀನಿ ಹೆಂಗ ಮಾಡ್ತಿ."

ಮಾಡಿದೆ. ಉಪ್ಪು ಹೆಚ್ಚಾಯಿತು ಅಂದಳು, ಎರಡು ಸಲ ಹಾಕಿಸಿಕೊಂಡಳು.

ಆ ಚಳಿಗಾಲವೆಲ್ಲ ಸಂಜೆ ಬಸ್ಸಿನಿಂದ ಇಳಿದ ಮಕ್ಕಳನ್ನು ನಾನೇ ದಾಟಿಸುತ್ತಿದ್ದೆ. ತಂದೆತಾಯಿ ಇನ್ನೂ ಆಫೀಸಿನಲ್ಲಿದ್ದ ಮಕ್ಕಳೂ ಸೇರುತ್ತಿದ್ದರು. ಮೂರನೇ ಮಹಡಿಯವರ ಮಗನೂ ಒಂದು ದಿನ ಬಂದು ಸಾಲಿಗೆ ಸೇರಿಕೊಂಡ, ಕೇಳದೆ ಸೇರಿಸಿಕೊಂಡೆ. ನನ್ನ ತೆಲುಗನ್ನು ಆ ಮಕ್ಕಳೇ ತಿದ್ದಿದರು. ಒಬ್ಬರ ಕೈ ಒಬ್ಬರು ಹಿಡಿದು ಸಾಲಾಗಿ ನಿಲ್ಲಬೇಕು, ನಾನು ಹೇಳುವವರೆಗೆ ರಸ್ತೆಗೆ ಕಾಲಿಡಬಾರದು. ಲಾರಿಗಳು ಹೋಗಲಿ, ಟ್ಯಾಂಕರು ಹೋಗಲಿ, ಬಿಳಿ ಕಾರುಗಳು ಹೋಗಲಿ. ನನಗೆ ಅವಸರವಿರಲಿಲ್ಲ. ಸಂದಿ ಸಿಕ್ಕಿದಾಗ ಕೈ ಅಡ್ಡ ಎತ್ತಿ ರಸ್ತೆಗೆ ಇಳಿಯುತ್ತಿದ್ದೆ, ಮಕ್ಕಳು ಹಿಂದೆ ಬರುತ್ತಿದ್ದರು, ನಾವು ಓಡದೆ ನಡೆದೇ ದಾಟುತ್ತಿದ್ದೆವು.